ಹಮ್ಸಾ, ಫಾತಿಮಾ ಹಸ್ತ, ಪಂಜಾ: ಅಂಗೈ ತಾಯತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಐದು ಬೆರಳು, ಅಂಗೈ ನಡುವೆ ಒಂದು ಕಣ್ಣು. ಕೀ ಚೈನಿನಲ್ಲಿ, ಬೆಳ್ಳಿ ಬ್ರೇಸ್‌ಲೆಟ್ಟಿನಲ್ಲಿ, ಕಾರಿನ ಕನ್ನಡಿಯ ಕೆಳಗೆ, ಯೋಗ ತರಗತಿಯ ಗೋಡೆಯ ಮೇಲೆ ಈ ಕೈ ಈಗ ನಮ್ಮ ಊರುಗಳಲ್ಲೂ ಕಾಣಿಸುತ್ತದೆ. ಮಾರುವವರು ಹೇಳುವ ಕಥೆ ಮಾತ್ರ ಅಂಗಡಿಗೊಂದು. ಒಬ್ಬರು ಐದು ಸಾವಿರ ವರ್ಷ ಹಳೆಯದು ಅನ್ನುತ್ತಾರೆ, ಇನ್ನೊಬ್ಬರು ಬುದ್ಧನ ಕೈ ಅನ್ನುತ್ತಾರೆ, ಮತ್ತೊಬ್ಬರು ಬೆರಳು ಕೆಳಗಿದ್ದರೆ ದುಡ್ಡು ಬರುತ್ತದೆ ಅನ್ನುತ್ತಾರೆ. ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಉದ್ದದ ಉತ್ತರ ಬೇಕು, ಕೆಲವಕ್ಕೆ ಎರಡು ಸಾಲು ಸಾಕು.

ಇದು ಮೂಲತಃ ಏನು?

ದೃಷ್ಟಿ ತಾಗದಿರಲಿ ಎಂದು ಧರಿಸುವ, ಬಾಗಿಲಿಗೆ ಹಾಕುವ, ತೊಟ್ಟಿಲಿಗೆ ಕಟ್ಟುವ ತಾಯತ. ಉತ್ತರ ಆಫ್ರಿಕಾದ ಮೊರಾಕೊ, ಅಲ್ಜೀರಿಯಾ, ಟುನೀಸಿಯಾ ದೇಶಗಳು ಇದರ ನಿಜವಾದ ತವರು. ಅಲ್ಲಿಂದ ಪೂರ್ವಕ್ಕೆ ಈಜಿಪ್ಟ್, ಸಿರಿಯಾ, ಇರಾಕ್, ಇರಾನಿನವರೆಗೂ ಇದರ ಬಳಗ ಹಬ್ಬಿದೆ. ಮುಸ್ಲಿಮರು, ಯಹೂದಿಗಳು, ಆ ಭಾಗದ ಕೆಲವು ಕ್ರೈಸ್ತರು, ಮೂವರೂ ಇದನ್ನು ತಮ್ಮದೆಂದೇ ಬಳಸಿಕೊಂಡು ಬಂದಿದ್ದಾರೆ.

ನಾವು ಮಗುವಿನ ಕೆನ್ನೆಗೆ ಕಪ್ಪು ದೃಷ್ಟಿಬೊಟ್ಟು ಇಡುವುದು, ಕಟ್ಟುತ್ತಿರುವ ಮನೆಗೆ ದೃಷ್ಟಿಗೊಂಬೆ ನೇತುಹಾಕುವುದು, ಹೊಸ ಅಂಗಡಿಯ ಮುಂದೆ ಬೂದುಗುಂಬಳ ಒಡೆಯುವುದು ಯಾಕೋ, ಅಲ್ಲಿ ಈ ಕೈ ಇರುವುದೂ ಅದಕ್ಕೇ. ಚೆನ್ನಾಗಿರುವುದನ್ನು ಕಂಡು ಹೊಟ್ಟೆ ಉರಿದುಕೊಂಡವರ ಕಣ್ಣು ಕೆಡುಕು ಮಾಡುತ್ತದೆ ಎಂಬ ಭಯ ಎರಡೂ ಕಡೆ ಒಂದೇ. ಕಣ್ಣನ್ನು ತಡೆಯುವ ಬಗೆಯಲ್ಲಿ ವ್ಯತ್ಯಾಸವಿದೆ. ನಮ್ಮ ದೃಷ್ಟಿಗೊಂಬೆ ನೋಡುವವರ ಗಮನವನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಅವರ ಕೈ ನೋಡುವವರ ಮುಖಕ್ಕೇ ಚಾಚಿ ನಿಲ್ಲುತ್ತದೆ.

‘ಹಮ್ಸಾ’ ಎಂದರೆ ನಮ್ಮ ಹಂಸವೇ?

ಅಲ್ಲ. ಅರಬ್ಬಿಯಲ್ಲಿ ‘ಖಮ್ಸಾ’ ಎಂದರೆ ಐದು, ಹೀಬ್ರೂ ಭಾಷೆಯ ‘ಹಮೇಶ್’ ಕೂಡ ಐದೇ. ಸರಸ್ವತಿಯ ವಾಹನಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಆನ್‌ಲೈನ್ ಅಂಗಡಿಯೊಂದು ಅಂಗೈಯೊಳಗೆ ಹಂಸಪಕ್ಷಿ ಕೆತ್ತಿ ‘ವೇದಕಾಲದ ಹಂಸ ಹಸ್ತ’ ಎಂದು ಮಾರುತ್ತಿದ್ದರೆ ಅದು ವಿನ್ಯಾಸಕಾರರ ಕಲ್ಪನೆ.

ಐದಕ್ಕೆ ಯಾಕೆ ಅಷ್ಟು ಮಹತ್ವ?

ಕೈಯಲ್ಲಿ ಇರುವುದೇ ಐದು ಬೆರಳು ಎಂಬುದು ಮೊದಲ ಉತ್ತರ. ಕೆಟ್ಟ ನೋಟ ಬಂದಾಗ ಮನುಷ್ಯ ತಾನಾಗಿ ಮಾಡುವುದು ಕೈ ಅಡ್ಡ ಹಿಡಿಯುವುದನ್ನು. ಉತ್ತರ ಆಫ್ರಿಕಾದಲ್ಲಿ ಅದೇ ಒಂದು ಮಾತಾಗಿ ಬೆಳೆದಿದೆ: ‘ಖಮ್ಸಾ ಫಿ ಐನೆಕ್’, ಅಂದರೆ ‘ನಿನ್ನ ಕಣ್ಣಿಗೆ ಐದು’. ಯಾರಾದರೂ ಮಗುವನ್ನೋ ಹೊಸ ಹಸುವನ್ನೋ ಅತಿಯಾಗಿ ಹೊಗಳಿದರೆ, ದೇವರ ಹೆಸರು ಸೇರಿಸದೆ ಹೊಗಳಿದರೆ, ಮನೆಯವರು ಬೆರಳು ಬಿಡಿಸಿ ಈ ಮಾತನ್ನು ಬಾಯಲ್ಲೋ ಮನಸ್ಸಿನಲ್ಲೋ ಅಂದುಕೊಳ್ಳುತ್ತಿದ್ದರು. ಈಜಿಪ್ಟಿನಲ್ಲಿ ಇದರ ಮುದ್ದು ರೂಪ ‘ಖಮ್ಸಾ ವ ಖಮೇಸಾ’. ನಮ್ಮಲ್ಲಿ ಅಜ್ಜಿಯಂದಿರು ‘ನಾಯಿ ಕಣ್ಣು, ನರಿ ಕಣ್ಣು’ ಎಂದು ಶುರುಮಾಡಿ ಬೀದಿಯವರ ಕಣ್ಣನ್ನೆಲ್ಲ ಎಣಿಸಿ ನಿವಾಳಿಸುವ ಹಾಗೆಯೇ ಇದು. ಅಲ್ಲಿ ಎಣಿಕೆ ಐದಕ್ಕೇ ಮುಗಿಯುತ್ತದೆ.

ಮೊರಾಕೊದಲ್ಲಿ ಈ ಭಾವನೆ ಎಷ್ಟು ಬಲವಾಗಿತ್ತೆಂದರೆ, ಎದುರಿಗಿರುವವರ ಮುಂದೆ ಬರಿದೇ ‘ಐದು’ ಎನ್ನುವುದೂ ಹಿಂದೆ ಒರಟುತನವೆನಿಸುತ್ತಿತ್ತು. ‘ನಿಮ್ಮ ಕಣ್ಣು ಕೆಟ್ಟದ್ದು’ ಎಂದು ಮುಖಕ್ಕೆ ಹೇಳಿದಂತಾಗುತ್ತಿತ್ತಲ್ಲ! ಹಾಗಾಗಿ ‘ನಾಲ್ಕು ಮತ್ತು ಒಂದು’ ಎಂದು ಸುತ್ತುಬಳಸಿ ಹೇಳುವವರಿದ್ದರು. ಅಂಗೈ ಬಿಡಿಸಿ ಎದುರಿನವರ ಮುಖಕ್ಕೆ ಚಾಚುವುದು ಗ್ರೀಸಿನಲ್ಲಿ ಇವತ್ತಿಗೂ ದೊಡ್ಡ ಬೈಗುಳ. ಅಲ್ಲಿಗೆ ಹೋದಾಗ ‘ಐದು ಟಿಕೆಟ್ ಕೊಡಿ’ ಎಂದು ಕೈ ತೋರಿಸುವವರು ಸ್ವಲ್ಪ ನೋಡಿಕೊಳ್ಳಬೇಕು.

ಇಸ್ಲಾಮಿನ ಐದು ಸ್ತಂಭಗಳು, ದಿನಕ್ಕೆ ಐದು ನಮಾಜು, ಯಹೂದಿಗಳ ತೋರಾದ ಐದು ಗ್ರಂಥಗಳು, ಶಿಯಾ ಮುಸ್ಲಿಮರ ‘ಪಂಜತನ್ ಪಾಕ್’, ಅಂದರೆ ಪ್ರವಾದಿ ಮುಹಮ್ಮದ್, ಫಾತಿಮಾ, ಅಲಿ, ಹಸನ್, ಹುಸೇನ್ ಎಂಬ ಐವರು ಪವಿತ್ರರು, ಇವೆಲ್ಲ ಐದು ಬೆರಳಿಗೆ ಆಮೇಲೆ ಕೂಡಿಕೊಂಡ ಅರ್ಥಗಳು ಎಂಬುದು ನನ್ನ ಅಂದಾಜು. ಕೈ ಮೊದಲು, ವ್ಯಾಖ್ಯಾನ ನಂತರ. ಹಾಗೆಂದು ಆ ಅರ್ಥಗಳು ಸುಳ್ಳಾಗುವುದಿಲ್ಲ. ಧರಿಸುವವರಿಗೆ ಅವೇ ನಿಜ.

ಫಾತಿಮಾ ಯಾರು? ಅವರ ಕೈ ಎಂದು ಯಾಕೆ ಕರೆಯುತ್ತಾರೆ?

ಫಾತಿಮಾ ಪ್ರವಾದಿ ಮುಹಮ್ಮದರ ಮಗಳು, ಅಲಿಯವರ ಹೆಂಡತಿ, ಹಸನ್–ಹುಸೇನರ ತಾಯಿ. ತಂದೆ ತೀರಿಕೊಂಡ ಕೆಲವೇ ತಿಂಗಳಲ್ಲಿ, ಕ್ರಿ.ಶ. 632ರಲ್ಲಿ, ಅವರೂ ತೀರಿಕೊಂಡರು. ಮುಸ್ಲಿಂ ಜಗತ್ತಿನಲ್ಲಿ ಅವರಿಗಿರುವ ಗೌರವ ದೊಡ್ಡದು.

ಅವರ ಕೈಯ ಬಗ್ಗೆ ಒಂದು ಜನಪದ ಕಥೆ ಉತ್ತರ ಆಫ್ರಿಕಾದಲ್ಲಿ ಚಾಲ್ತಿಯಲ್ಲಿದೆ. ಫಾತಿಮಾ ಒಲೆಯ ಮುಂದೆ ಕುಳಿತು ಹಲ್ವಾ ಕಲಕುತ್ತಿರುತ್ತಾರೆ. ಬಾಗಿಲು ತೆರೆಯುತ್ತದೆ. ಅಲಿಯವರ ಜೊತೆಗೆ ಒಬ್ಬ ಹೊಸ ಹೆಂಗಸು ಒಳಗೆ ಬರುತ್ತಾಳೆ. ಎದೆ ಧಸಕ್ಕೆಂದು ಸೌಟು ಕೈಜಾರುತ್ತದೆ, ಅದರ ಪರಿವೆಯೇ ಇಲ್ಲದೆ ಫಾತಿಮಾ ಕುದಿಯುವ ಹಲ್ವಾವನ್ನು ಬರಿಗೈಯಲ್ಲೇ ಕಲಕುತ್ತಾರೆ. ಮನಸ್ಸಿನ ಉರಿಯಲ್ಲಿ ಕೈಯ ಉರಿ ಗೊತ್ತೇ ಆಗುವುದಿಲ್ಲ. ಹೀಗೆ ಆ ಕೈ ತಾಳ್ಮೆಯ ಗುರುತಾಯಿತು ಎನ್ನುತ್ತದೆ ಕಥೆ. ಫಾತಿಮಾ ಬದುಕಿರುವವರೆಗೆ ಅಲಿ ಇನ್ನೊಂದು ಮದುವೆಯಾಗಲಿಲ್ಲ ಎನ್ನುತ್ತದೆ ಮುಸ್ಲಿಂ ಸಂಪ್ರದಾಯ. ಆದ್ದರಿಂದ ಇದನ್ನು ಚರಿತ್ರೆಯಲ್ಲಿ ಹುಡುಕಬಾರದು. ಸವತಿಯ ಭಯ ಕಂಡಿದ್ದ ಹೆಂಗಸರು ಅಡುಗೆಮನೆಯಲ್ಲಿ ಕಟ್ಟಿದ ಕಥೆ ಇದು, ಹಾಗೆಂದೇ ಇಷ್ಟು ಕಾಲ ಉಳಿದಿದೆ.

‘ಫಾತಿಮಾ ಹಸ್ತ’ ಎಂಬ ಹೆಸರು ಜಗತ್ತಿನಲ್ಲೆಲ್ಲ ಹರಡಲು ಕಾರಣರಾದವರು ಫ್ರೆಂಚರು. 1830ರಲ್ಲಿ ಅವರು ಅಲ್ಜೀರಿಯಾಕ್ಕೆ ಕಾಲಿಟ್ಟರು. ಮನೆಗೆಲಸಕ್ಕೆ ಬರುವ ಅಲ್ಲಿನ ಹೆಂಗಸರನ್ನೆಲ್ಲ ಹೆಸರು ಕೇಳುವ ಗೋಜಿಗೂ ಹೋಗದೆ ‘ಫಾತ್ಮಾ’ ಎಂದೇ ಕರೆಯುವ ಚಾಳಿ ಅವರಲ್ಲಿ ಬೆಳೆಯಿತು. ಆ ಹೆಂಗಸರ ಕೊರಳಿನ ಕೈ ಪದಕ ‘ಫಾತ್ಮಾಳ ಕೈ’ ಆಯಿತು. ಊರಿನವರ ಬಾಯಲ್ಲಿ ಅದು ಬರೀ ಖಮ್ಸಾ ಅಥವಾ ಖ್ಮಿಸಾ. ಭಕ್ತಿಯ ಹೆಸರಿನ ಹಿಂದೆ ವಸಾಹತಿನ ಉಡಾಫೆಯೂ ಸ್ವಲ್ಪ ಸೇರಿದೆ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಆದರೆ ಸ್ವತಂತ್ರ ಅಲ್ಜೀರಿಯಾ ಈ ಕೈಯನ್ನು ಬಿಟ್ಟುಕೊಡಲಿಲ್ಲ. 1976ರಲ್ಲಿ ಅಂಗೀಕರಿಸಿದ ರಾಷ್ಟ್ರಲಾಂಛನದಲ್ಲಿ ಉದಯಿಸುವ ಸೂರ್ಯ, ಅಟ್ಲಾಸ್ ಪರ್ವತಗಳ ಜೊತೆ ಈ ಕೈಯೂ ಇದೆ.

‘ಮಿರಿಯಂ ಹಸ್ತ’ ಬೇರೆಯೇ?

ವಸ್ತು ಒಂದೇ, ಹೆಸರು ಬೇರೆ. ಮಿರಿಯಂ ಪ್ರವಾದಿ ಮೋಶೆಯ ಅಕ್ಕ. ಮುಸ್ಲಿಮರದು ಫಾತಿಮಾಳ ಕೈಯಾದರೆ ನಮ್ಮದು ಮಿರಿಯಂಳ ಕೈ ಎಂದು ಯಹೂದಿಗಳು ಹೇಳಿಕೊಂಡಂತೆ ಈ ಹೆಸರು ಈಚೆಗೆ ಬಂದು ಸೇರಿಕೊಂಡಿದೆ. ಕ್ರೈಸ್ತರಲ್ಲಿ ಕೆಲವರು ಯೇಸುವಿನ ತಾಯಿಯ ಹೆಸರಲ್ಲಿ ‘ಮರಿಯಳ ಕೈ’ ಅನ್ನುವುದೂ ಹಾಗೆಯೇ.

ಐದು ಸಾವಿರ ವರ್ಷ ಹಳೆಯದು ಎನ್ನುತ್ತಾರಲ್ಲ, ನಿಜವೇ?

ಅಂತರ್ಜಾಲದಲ್ಲಿ ಒಂದು ಸಿದ್ಧ ವಂಶಾವಳಿ ತಿರುಗುತ್ತಿದೆ: ಮೆಸೊಪೊಟೇಮಿಯಾದ (ಇಂದಿನ ಇರಾಕಿನ ಕಡೆಯ) ಇಷ್ಟಾರ್ ದೇವಿಯ ಕೈ, ಅದರಿಂದ ಕಾರ್ಥೇಜಿನ ತಾನಿತ್ ದೇವಿಯ ಕೈ, ಅದರಿಂದ ಮಿರಿಯಂ, ಅದರಿಂದ ಫಾತಿಮಾ. ಓದಲು ಚೆಂದ. ಬಿಡಿಬಿಡಿಯಾಗಿ ನೋಡಿದರೆ ಒಂದೊಂದು ಕೊಂಡಿಯೂ ಸಡಿಲ.

ಇಷ್ಟಾರ್‌ನಿಂದಲೇ ಶುರುಮಾಡೋಣ. ಬ್ಯಾಬಿಲೋನಿನ ಜೇಡಿಮಣ್ಣಿನ ವೈದ್ಯಕೀಯ ಫಲಕಗಳಲ್ಲಿ ‘ಇಷ್ಟಾರಳ ಕೈ’ ಎಂಬ ಮಾತು ನಿಜಕ್ಕೂ ಬರುತ್ತದೆ. ಆದರೆ ಅಲ್ಲಿ ಅದು ಕಾಯಿಲೆಯ ಹೆಸರು! ರೋಗಿಯ ಲಕ್ಷಣಗಳನ್ನು ವಿವರಿಸಿ, ‘ಇದು ಇಷ್ಟಾರಳ ಕೈ’, ‘ಇದು ಪ್ರೇತದ ಕೈ’ ಎಂದು ವೈದ್ಯ ತೀರ್ಪು ಕೊಡುತ್ತಾನೆ. ನಮ್ಮಲ್ಲಿ ಸಿಡುಬು ಬಂದರೆ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರಲ್ಲ, ಅದೇ ಧಾಟಿ. ಕೊರಳಿಗೆ ಹಾಕಿಕೊಳ್ಳುವ ರಕ್ಷೆಯಲ್ಲ, ಬಿಡಿಸಿಕೊಳ್ಳಬೇಕಾದ ಹಿಡಿತ ಅದು. ಇನ್ನು ನಿಮ್ರುದ್‌ನಲ್ಲಿ ಅಸ್ಸೀರಿಯಾದ ದೊರೆ ಎರಡನೇ ಅಶೂರ್‌ನಾಸಿರ್‌ಪಾಲನ (ಕ್ರಿ.ಪೂ. 883–859) ಕಾಲದ ಸುಟ್ಟ ಮಣ್ಣಿನ ಮುಷ್ಟಿಗಳು ಸಿಕ್ಕಿವೆ, ಅವನ್ನೂ ‘ಇಷ್ಟಾರಳ ಕೈಗಳು’ ಎಂದು ಕರೆಯುವುದುಂಟು. ಅವು ಕಟ್ಟಡದ ಗೋಡೆಗೆ ಕೂರಿಸುವ ತುಂಡುಗಳು. ಮುಚ್ಚಿದ ಮುಷ್ಟಿ, ತೆರೆದ ಅಂಗೈ ಅಲ್ಲ.

ಹಳೆಯ ಈಜಿಪ್ಟಿನಲ್ಲಿ ಕೈಯಾಕಾರದ ಪುಟ್ಟ ತಾಯತಗಳು ಇದ್ದದ್ದು ನಿಜ. ಮಮ್ಮಿಗಳ ಮೇಲೆ ಎರಡು ಬೆರಳಿನ ಆಕಾರದ ತಾಯತ ಇಡುವ ಪದ್ಧತಿಯೂ ಮುಂದೆ ಬಂತು. ಇವುಗಳ ಜೊತೆ ನಮ್ಮ ಹಮ್ಸಾಗೆ ನೇರ ಸಂಬಂಧ ಕಟ್ಟಲು ಯಾವ ಆಧಾರವೂ ಇಲ್ಲ.

ಇದ್ದುದರಲ್ಲಿ ಕುತೂಹಲ ಹುಟ್ಟಿಸುವುದು ಪ್ಯಾಲೆಸ್ಟೀನಿನ ಹೆಬ್ರೋನ್ ಬಳಿಯ ಖಿರ್ಬೆತ್ ಎಲ್-ಕೋಮ್ ಎಂಬಲ್ಲಿ ಸಿಕ್ಕ ಸಮಾಧಿ ಶಾಸನ. ಕ್ರಿ.ಪೂ. 8ನೇ ಶತಮಾನದ್ದು. ಊರಿಯಾಹು ಎಂಬವನ ಹೆಸರು, ಅವನಿಗೆ ದೇವರ ಆಶೀರ್ವಾದ, ಅದರ ಕೆಳಗೆ ಬಂಡೆಯಲ್ಲಿ ಆಳವಾಗಿ ಕೊರೆದ ಒಂದು ಕೈ. ಬೆರಳುಗಳು ಕೆಳಮುಖ. ಅಕ್ಷರಗಳು ಗೀಚಿದಂತೆ ತೆಳುವಾಗಿದ್ದರೆ ಕೈಯನ್ನು ಮಾತ್ರ ಕಸುವು ಹಾಕಿ ಕೊರೆದಿದ್ದಾರೆ. ಸತ್ತವನನ್ನು ಕಾಯಲೆಂದೇ ಕೊರೆದದ್ದು ಎಂದು ಹಲವು ವಿದ್ವಾಂಸರು ಓದುತ್ತಾರೆ. ನೋಡಿದರೆ ಯಾರಿಗೇ ಆದರೂ ‘ಹಮ್ಸಾದ ಮುತ್ತಜ್ಜ’ ಅನಿಸುತ್ತದೆ. ಹಾಗೆ ಅನಿಸುವುದು ಬೇರೆ, ಸಾಬೀತಾಗುವುದು ಬೇರೆ.

ಕಾರ್ಥೇಜಿನದೂ ಇದೇ ಕಥೆ. ಇಂದಿನ ಟುನಿಸ್ ನಗರದ ಪಕ್ಕದಲ್ಲೇ ಇದ್ದ ಆ ನಗರದಲ್ಲಿ ತಾನಿತ್ ಮತ್ತು ಬಾಲ್ ಹಮ್ಮೋನ್ ದೇವತೆಗಳಿಗೆ ಹರಕೆಯಾಗಿ ನಿಲ್ಲಿಸಿದ ಕಲ್ಲುಗಳಲ್ಲಿ ಎತ್ತಿದ ಬಲಗೈ ಮತ್ತೆ ಮತ್ತೆ ಕಾಣುತ್ತದೆ. ಅದೇ ನೆಲದಲ್ಲಿ ಇವತ್ತು ಮನೆಮನೆಗೂ ಖಮ್ಸಾ ಇದೆ. ನಂಟು ಇದ್ದರೂ ಇರಬಹುದು. ಆದರೆ ರೋಮನ್ನರು ಕಾರ್ಥೇಜನ್ನು ನೆಲಸಮ ಮಾಡಿದ್ದು ಕ್ರಿ.ಪೂ. 146ರಲ್ಲಿ, ಖಮ್ಸಾ ನಮಗೆ ಸ್ಪಷ್ಟವಾಗಿ ಸಿಗಲು ಶುರುವಾಗುವುದು ಮಧ್ಯಯುಗದ ಮುಸ್ಲಿಂ ಸ್ಪೇನ್ ಮತ್ತು ಉತ್ತರ ಆಫ್ರಿಕಾದಲ್ಲಿ. ನಡುವೆ ಸಾವಿರ ವರ್ಷಕ್ಕೂ ಹೆಚ್ಚು ಅಂತರ. ಅಂಗೈ ಎತ್ತಿ ತಡೆಯುವುದು ಯಾವ ಕಾಲದ, ಯಾವ ನಾಡಿನ ಮನುಷ್ಯನಿಗೂ ಹೊಳೆಯಬಹುದಾದ ಉಪಾಯ. ಒಬ್ಬರಿಂದ ಇನ್ನೊಬ್ಬರು ಕಲಿತೇ ಆಗಬೇಕೆಂದಿಲ್ಲ.

ಹಾಗಾದರೆ ಗಟ್ಟಿ ಆಧಾರ ಎಲ್ಲಿ ಸಿಗುತ್ತದೆ?

ಸ್ಪೇನಿನ ಗ್ರನಾಡಾದಲ್ಲಿ. ಅಲ್‌ಹಂಬ್ರ ಅರಮನೆಯ ನ್ಯಾಯದ್ವಾರ ಕಟ್ಟಿ ಮುಗಿದದ್ದು 1348ರಲ್ಲಿ, ಸುಲ್ತಾನ್ ಒಂದನೇ ಯೂಸುಫನ ಕಾಲದಲ್ಲಿ. ಹೊರಗಿನ ದೊಡ್ಡ ಕಮಾನಿನ ನೆತ್ತಿಯ ಕಲ್ಲಿನಲ್ಲಿ ಒಂದು ಕೈ ಕೆತ್ತಿದ್ದಾರೆ, ಬೆರಳುಗಳು ನೆಟ್ಟಗೆ ಮೇಲಕ್ಕೆ. ಒಳಗಿನ ಕಮಾನಿನ ಮೇಲೆ ಒಂದು ಬೀಗದ ಕೈ. ಹೊರಗಿನ ಕೈ ಚಾಚಿ ಒಳಗಿನ ಬೀಗದ ಕೈಯನ್ನು ಹಿಡಿದ ದಿನ ಕೋಟೆ ಬೀಳುತ್ತದೆ ಎಂಬ ದಂತಕಥೆ ಅಲ್ಲಿನ ಗೈಡುಗಳ ಬಾಯಲ್ಲಿ ಇಂದಿಗೂ ಇದೆ. ಕೈ ಐದು ಸ್ತಂಭಗಳ ಗುರುತೋ, ದೃಷ್ಟಿ ಪರಿಹಾರವೋ ಎಂದು ಚರ್ಚೆ ನಡೆದೇ ಇದೆ. ಹೆಬ್ಬಾಗಿಲಿನ ನೆತ್ತಿಯ ಮೇಲೆ ಇಟ್ಟಿದ್ದಾರೆಂದರೆ ಎರಡೂ ಆಗಿರಬಹುದು.

1492ರಲ್ಲಿ ಗ್ರನಾಡಾ ಕ್ರೈಸ್ತ ದೊರೆಗಳ ವಶವಾಯಿತು. ಉಳಿದ ಮುಸ್ಲಿಮರನ್ನು ಬಲವಂತವಾಗಿ ಮತಾಂತರಿಸಿದರು. ‘ಮೊರಿಸ್ಕೊ’ ಎಂಬ ಹೆಸರು ಹೊತ್ತ ಆ ಜನ ಹೊರಗೆ ಕ್ರೈಸ್ತರಾದರೂ ಕೊರಳಿನ ಕೈ ಬಿಡಲಿಲ್ಲ. 1526ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸನ ಆಳ್ವಿಕೆಯಲ್ಲಿ ಗ್ರನಾಡಾದಲ್ಲಿ ಸೇರಿದ ಧರ್ಮಸಭೆ ಅರಬ್ಬಿ ಭಾಷೆ, ಉಡುಪುಗಳ ಜೊತೆಗೆ ಈ ಕೈಯಾಕಾರದ ಪದಕಗಳಿಗೂ ನಿಷೇಧ ಹಾಕಿತು. ಇತಿಹಾಸದ ದೃಷ್ಟಿಯಿಂದ ಇದು ದೊಡ್ಡ ಸಾಕ್ಷಿ. ಯಾರೂ ಹಾಕಿಕೊಳ್ಳದ ವಸ್ತುವನ್ನು ಯಾವ ಸರಕಾರವೂ ನಿಷೇಧಿಸುವುದಿಲ್ಲವಲ್ಲ.

ಯಹೂದಿಗಳಿಗೆ ಇದು ಹೇಗೆ ಬಂತು?

ಅಕ್ಕಪಕ್ಕದ ಮನೆಯ ಬದುಕಿನಿಂದ. ಅದಕ್ಕಿಂತ ಹೆಚ್ಚಾಗಿ, ಕಸುಬಿನಿಂದ. ಮೊರಾಕೊದ ಹಲವು ಊರುಗಳಲ್ಲಿ ಬೆಳ್ಳಿ–ಬಂಗಾರದ ಕೆಲಸ ಬಹುಪಾಲು ಯಹೂದಿ ಅಕ್ಕಸಾಲಿಗರ ಕೈಯಲ್ಲೇ ಇತ್ತು. ಅವರ ಕೇರಿಗೆ ‘ಮೆಲ್ಲಾ’ ಎಂದು ಹೆಸರು. ಮದುವೆಗೆ ಬೆಳ್ಳಿ ಬೇಕಾದ ಅಮಾಜಿಗ್ (ಬರ್ಬರ್) ಹೆಂಗಸೂ ಅಲ್ಲಿಗೇ ಬರಬೇಕು, ಮುಸ್ಲಿಂ ವ್ಯಾಪಾರಿಯೂ ಬರಬೇಕು. ಅದೇ ಅಚ್ಚು, ಅದೇ ಉಳಿ, ಅದೇ ಕೈ. ಮುಸ್ಲಿಂ ಗಿರಾಕಿಗೆ ಒಂದು ಬಗೆ, ತಮ್ಮವರಿಗೆ ಹೀಬ್ರೂ ಅಕ್ಷರ ಕೆತ್ತಿದ ಇನ್ನೊಂದು ಬಗೆ.

ಹಳೆಯ ಮೊರಾಕನ್ ತುಂಡನ್ನು ಕೈಗೆತ್ತಿಕೊಂಡು ನೋಡಿದರೆ ಈಗಿನ ಫ್ಯಾಷನ್ ಪದಕದಿಂದ ಅದು ಎಷ್ಟು ದೂರ ಎಂಬುದು ಗೊತ್ತಾಗುತ್ತದೆ. ದಪ್ಪ ಬೆಳ್ಳಿ ತಗಡು. ಎಷ್ಟೋ ತುಂಡುಗಳಲ್ಲಿ ಬೆರಳುಗಳು ಬೆರಳಿನಂತೆಯೇ ಇರುವುದಿಲ್ಲ, ಐದು ಮೊಂಡು ಚಾಚುಗಳು ಅಷ್ಟೆ. ಕೆಲವದರಲ್ಲಿ ಆಕಾರ ಕಳೆದೇಹೋಗಿ ಐದು ಚುಕ್ಕೆಗಳೋ ಐದು ಗುಬುಟುಗಳೋ ಉಳಿದಿರುತ್ತವೆ, ಅದೂ ಖಮ್ಸಾನೇ. ಮೈಮೇಲೆ ಸಣ್ಣ ಉಳಿಯ ಬಳ್ಳಿ, ನಡುವೆ ಒಂದು ಕೆಂಪು ಗಾಜಿನ ಹರಳು. ಹಿಂಬದಿ ವರ್ಷಗಟ್ಟಲೆ ಮೈಗೆ ಉಜ್ಜಿ ಕನ್ನಡಿಯಂತೆ ನುಣುಪು.

1948ರ ನಂತರದ ದಶಕಗಳಲ್ಲಿ ಮೊರಾಕೊದ ಯಹೂದಿಗಳಲ್ಲಿ ಬಹುತೇಕರು ಇಸ್ರೇಲಿಗೆ ಹೊರಟುಹೋದರು. ಅಲ್ಲಿ ಮೊದಮೊದಲು ಯುರೋಪಿನಿಂದ ಬಂದ ಯಹೂದಿಗಳು ಈ ಕೈಯನ್ನು ಹಿಂದುಳಿದವರ ಮೂಢನಂಬಿಕೆ ಎಂದು ಮೂಗು ಮುರಿದರು. ಕೆಲವು ದಶಕ ಕಳೆದ ಮೇಲೆ ಅದೇ ಕೈ ವಿಮಾನ ನಿಲ್ದಾಣದ ಅಂಗಡಿಯಲ್ಲಿ ಇಸ್ರೇಲಿನ ನೆನಪಿನ ಕಾಣಿಕೆಯಾಗಿ ಕುಳಿತಿತು. ಇಸ್ರೇಲಿನ ಮನೆಗಳಲ್ಲಿ ವಯಸ್ಸಾದವರ ಆರೈಕೆಯ ಕೆಲಸಕ್ಕೆ ಹೋದ ಕರಾವಳಿಯ ನಮ್ಮವರು ರಜೆಗೆ ಬರುವಾಗ ತರುವ ಕೀ ಚೈನುಗಳಲ್ಲೂ ಅದೇ ಇರುತ್ತದೆ.

ಅಂಗೈ ನಡುವೆ ಕಣ್ಣು ಯಾಕೆ? ಕೆಲವದರಲ್ಲಿ ಮೀನೂ ಇದೆಯಲ್ಲ?

ಕಣ್ಣಿಗೆ ಕಣ್ಣೇ ಮದ್ದು ಎಂಬ ಲೆಕ್ಕ. ನೀಲಿ ಗಾಜಿನ ಕಣ್ಣು ಮೂಲತಃ ಟರ್ಕಿ, ಗ್ರೀಸ್ ಕಡೆಯ ಬೇರೆಯೇ ತಾಯತ. ಈಗ ಎರಡನ್ನೂ ಸೇರಿಸಿ ಮಾರುವುದೇ ಹೆಚ್ಚು.

ಮೀನಿನ ಕಥೆ ಹೆಚ್ಚು ಸ್ವಾರಸ್ಯ. ಯಹೂದಿಗಳ ತಾಲ್ಮುದ್ ಗ್ರಂಥದಲ್ಲಿ ಒಂದು ವಾದ ಬರುತ್ತದೆ: ಸಮುದ್ರದ ಮೀನುಗಳನ್ನು ನೀರು ಮುಚ್ಚಿರುತ್ತದೆ, ಆದ್ದರಿಂದ ಅವಕ್ಕೆ ದೃಷ್ಟಿ ತಾಗದು. ಬೈಬಲಿನಲ್ಲಿ ಬರುವ ಯೋಸೇಫನ ಸಂತಾನವೂ ಹಾಗೆಯೇ. ಅದೇ ಗ್ರಂಥ ಇನ್ನೊಂದು ಉಪಾಯವನ್ನೂ ಹೇಳುತ್ತದೆ. ಊರೊಂದಕ್ಕೆ ಕಾಲಿಡುವಾಗ ದೃಷ್ಟಿಯ ಭಯವಾದರೆ ಬಲ ಹೆಬ್ಬೆರಳನ್ನು ಎಡಗೈಯಲ್ಲೂ ಎಡ ಹೆಬ್ಬೆರಳನ್ನು ಬಲಗೈಯಲ್ಲೂ ಹಿಡಿದು ‘ನಾನು ಯೋಸೇಫನ ಸಂತಾನ’ ಎನ್ನಬೇಕು. ಯಹೂದಿ ಹಮ್ಸಾಗಳ ಮೇಲೆ ಯೋಸೇಫನನ್ನು ಹರಸುವ ಬೈಬಲಿನ ಸಾಲು ಕೆತ್ತಿರುವುದು ಇದೇ ಕಾರಣಕ್ಕೆ. ಟುನೀಸಿಯಾದಲ್ಲಿ ಮುಸ್ಲಿಮರ ಮನೆಗಳಲ್ಲೂ ಮೀನು ಮತ್ತು ಕೈ ಜೋಡಿಯಾಗಿಯೇ ಇರುತ್ತವೆ.

ಬೆರಳು ಮೇಲಿರಬೇಕೋ ಕೆಳಗಿರಬೇಕೋ?

ಮೇಲಿದ್ದರೆ ಕೆಡುಕನ್ನು ತಡೆಯುತ್ತದೆ, ಕೆಳಗಿದ್ದರೆ ಸಂಪತ್ತು ತರುತ್ತದೆ ಎಂಬುದು ಈಚಿನ ಅಂಗಡಿಗಳ ಮಾತು. ಹಳೆಯ ಪದಕಗಳಲ್ಲಿ ಎರಡೂ ಇವೆ. ಕೊಂಡಿಯನ್ನು ಮಣಿಕಟ್ಟಿನ ಕಡೆ ಬೆಸೆದರೆ ಬೆರಳು ಕೆಳಗಾಗುತ್ತವೆ, ಅಷ್ಟೇ. ಎಡಗೈಯೋ ಬಲಗೈಯೋ ಎಂಬ ಪ್ರಶ್ನೆಗೂ ಎಷ್ಟೋ ಹಮ್ಸಾಗಳಲ್ಲಿ ಉತ್ತರವಿಲ್ಲ. ಎರಡೂ ಬದಿಗೆ ಒಂದೇ ಅಳತೆಯ ಹೆಬ್ಬೆರಳು ಇರುತ್ತದೆ.

ನಮ್ಮ ಕಡೆ ಮೊಹರಂನಲ್ಲಿ ಹೊರುವ ಪಂಜಾ ಇದೇ ಏನು?

ಬಳಗ ಒಂದೇ, ಆದರೆ ಕೆಲಸ ಬೇರೆ. ಕರ್ನಾಟಕಕ್ಕೆ ಇದರ ನಿಜವಾದ ನಂಟು ಇರುವುದೇ ಇಲ್ಲಿ. ಹಮ್ಸಾ ಬಗ್ಗೆ ಕನ್ನಡದಲ್ಲಿ ಬರೆಯುವವರು ಬುದ್ಧ, ಇಷ್ಟಾರ್ ಎಲ್ಲ ಸುತ್ತಿ ರಾಯಚೂರು, ಕೊಪ್ಪಳ, ವಿಜಯಪುರಗಳನ್ನೇ ಬಿಟ್ಟುಬಿಡುತ್ತಾರೆ.

ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪ್ರವಾದಿಯ ಮೊಮ್ಮಗ ಹುಸೇನ್ ಮತ್ತು ಸಂಗಡಿಗರನ್ನು ಖಲೀಫ ಯಜೀದನ ಸೈನ್ಯ ನೀರು ಬಿಡದೆ ಸುತ್ತುವರಿದು ಕೊಂದಿತು. ಧ್ವಜ ಹಿಡಿದಿದ್ದವರು ಹುಸೇನರ ತಮ್ಮ ಅಬ್ಬಾಸ್. ಬಾಯಾರಿದ ಮಕ್ಕಳಿಗೆ ಯೂಫ್ರಟಿಸ್ ನದಿಯ ನೀರು ತರಲು ಹೋದಾಗ ಅವರ ಎರಡೂ ಕೈಗಳನ್ನು ಕಡಿದುಹಾಕಿದರು. ಮೊಹರಂನ ಧ್ವಜದ ತುದಿಯಲ್ಲಿ, ಅಂದರೆ ಅಲಮ್‌ನ ಮೇಲೆ, ಲೋಹದ ಕೈ ಇರುವುದು ಈ ನೆನಪಿಗೆ. ಐದು ಬೆರಳು ಪಂಜತನ್ ಪಾಕ್‌ನ ಗುರುತೂ ಹೌದು.

ಇರಾನಿನ ಕಡೆಯಿಂದ ದಖ್ಖನಿಗೆ ಬಂದ ಜನ, ಶಿಯಾ ಪಂಥ, ಎರಡೂ ಈ ಆಚರಣೆಯನ್ನು ಇಲ್ಲಿ ನೆಲೆಗೊಳಿಸಿದವು. ವಿಜಯಪುರದ ಯೂಸುಫ್ ಆದಿಲ್ ಶಾ 16ನೇ ಶತಮಾನದ ಆರಂಭದಲ್ಲೇ ಶಿಯಾ ಪಂಥವನ್ನು ರಾಜ್ಯದ ಮತವೆಂದು ಸಾರಿದ್ದ. ಮುಂದಿನ ಆದಿಲಶಾಹಿಗಳು ಶಿಯಾ–ಸುನ್ನಿ ಎಂದು ಪಕ್ಷ ಬದಲಿಸುತ್ತಲೇ ಇದ್ದರು, ಆದರೆ ಹಳ್ಳಿಗೆ ಇಳಿದ ಮೊಹರಂ ಹಾಗೇ ಉಳಿಯಿತು. ಗೋಲ್ಕೊಂಡದ ಕುತುಬ್‌ಶಾಹಿಗಳು ಹೈದರಾಬಾದಿನಲ್ಲಿ 1590ರ ದಶಕದಲ್ಲಿ ಕಟ್ಟಿಸಿದ, ಅಲಮ್ ಕೂರಿಸುವ ಮನೆಯಾದ ಬಾದಶಾಹಿ ಆಶೂರ್‌ಖಾನಾದ ಗೋಡೆಯ ಬಣ್ಣದ ಹೆಂಚುಗಳಲ್ಲೂ ಅಲಮ್‌ಗಳದೇ ಚಿತ್ತಾರ.

ಉತ್ತರ ಕರ್ನಾಟಕದ ಊರುಗಳಲ್ಲಿ ಇದು ‘ಅಲಾಯಿ ಹಬ್ಬ’. ಚಂದ್ರ ಕಂಡ ಮೇಲೆ ಮಸೂತಿಯ ಮುಂದೆ ಅಲಾಯಿ ಕುಣಿಗೆ (ಬೆಂಕಿ ಹಾಕುವ ಗುಂಡಿಗೆ) ಗುದ್ದಲಿ ಹಾಕುತ್ತಾರೆ. ವರ್ಷವಿಡೀ ಪೆಟ್ಟಿಗೆಯಲ್ಲಿದ್ದ ಪಂಜಾಗಳನ್ನು ತೆಗೆದು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿಸಿ, ಬಣ್ಣಬಣ್ಣದ ರೇಷ್ಮೆ ಬಟ್ಟೆ ಸುತ್ತಿ, ಹೂವಿನ ದಂಡೆ ಹಾಕಿ ಕೂರಿಸುತ್ತಾರೆ. ಬಟ್ಟೆ, ಹೂವು ಎಷ್ಟಾಗುತ್ತದೆಂದರೆ ಕಡೆಗೆ ಕಾಣುವುದು ಐದು ಬೆರಳಿನ ತುದಿ ಮಾತ್ರ. ಊದಿನ ಹೊಗೆ, ಹಲಗೆಯ ಸದ್ದು, ಕುಣಿಯ ಸುತ್ತ ಹೆಜ್ಜೆ ಹಾಕುವ ಮೇಳ, ಹಸನ್–ಹುಸೇನರ ಕಥೆ ಹೇಳುವ ರಿವಾಯತ್ ಪದಗಳು. ಅವೂ ಅಚ್ಚ ಕನ್ನಡದಲ್ಲೇ. ಹರಕೆ ಹೊತ್ತವರು ಲಾಡಿ (ಹರಕೆಯ ದಾರ) ಕಟ್ಟಿಕೊಂಡು ಫಕೀರರಾಗುತ್ತಾರೆ. ಸಕ್ಕರೆ ಓದಿಸುತ್ತಾರೆ, ಚೋಂಗೆ ಎಂಬ ಸಿಹಿ ಮಾಡುತ್ತಾರೆ. ದೇವರು ಹೊರುವವರಲ್ಲಿ ಲಿಂಗಾಯತರು, ಕುರುಬರು, ನಾಯಕರು, ದಲಿತರು ಎಲ್ಲರೂ ಇರುತ್ತಾರೆ. ಮುಸ್ಲಿಂ ಮನೆಯೇ ಇಲ್ಲದ ಊರುಗಳಲ್ಲೂ ಹಬ್ಬ ನಿಲ್ಲುವುದಿಲ್ಲ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂಗೆ ದೂರದೂರದ ಜನ ಸೇರುತ್ತಾರೆ.

ಹಮ್ಸಾ ಒಬ್ಬರ ಕೊರಳಿನ ರಕ್ಷೆಯಾದರೆ ಪಂಜಾ ಇಡೀ ಊರು ಹೊರುವ ದೇವರು. ಕಾಯಿಲೆ ವಾಸಿಯಾಗಲಿ, ಮಗುವಾಗಲಿ, ಮಳೆಯಾಗಲಿ ಎಂದು ಅದಕ್ಕೆ ಬೇಡಿಕೊಳ್ಳುತ್ತಾರೆ. ಪಂಜಾದ ಪುಟ್ಟ ಪ್ರತಿಯನ್ನು ಫ್ಯಾಷನ್ನಿಗೆ ಕೊರಳಿಗೆ ಹಾಕಿಕೊಳ್ಳುವ ಮುನ್ನ ಈ ವ್ಯತ್ಯಾಸ ತಿಳಿದಿದ್ದರೆ ಒಳ್ಳೆಯದು.

ಅಭಯ ಮುದ್ರೆ, ಮಾಸ್ತಿಕಲ್ಲು, ಜೈನರ ಕೈ, ಕಾಂಗ್ರೆಸ್ಸಿನ ಕೈ?

ಎಲ್ಲ ಕೈಗಳೇ, ಆದರೆ ಅಣ್ಣತಮ್ಮಂದಿರಲ್ಲ.

ಅಭಯ ಮುದ್ರೆಯಲ್ಲಿ ದೇವರು ಭಕ್ತನಿಗೆ ‘ಹೆದರಬೇಡ’ ಎನ್ನುತ್ತಾನೆ, ಹಮ್ಸಾ ಕೆಟ್ಟ ಕಣ್ಣಿಗೆ ‘ನಿಲ್ಲು’ ಎನ್ನುತ್ತದೆ. ಒಂದು ಕೈ ನಮ್ಮ ಕಡೆಗೆ, ಇನ್ನೊಂದು ಹೊರಗಿನವರ ಕಡೆಗೆ. ಮಾಸ್ತಿಕಲ್ಲಿನ ಎತ್ತಿದ ತೋಳು ಸಹಗಮನ ಮಾಡಿದ ಹೆಣ್ಣಿನದು. ಮುತ್ತೈದೆತನದ ಬಳೆ ಅದರಲ್ಲಿ ಎದ್ದು ಕಾಣುತ್ತದೆ. ಒಂದು ಕೈಯಿದ್ದರೆ ಒಕ್ಕೈ ಮಾಸ್ತಿ, ಎರಡಿದ್ದರೆ ಇಕ್ಕೈ ಮಾಸ್ತಿ. ಅದನ್ನು ಹಮ್ಸಾ ಜೊತೆ ಸೇರಿಸಿ ‘ರಕ್ಷೆಯ ಕೈ’ ಎನ್ನುವುದು ಸುಟ್ಟುಹೋದವಳಿಗೆ ಮಾಡುವ ಅನ್ಯಾಯ. ಜೈನರ ಲಾಂಛನದಲ್ಲಿ ಅಂಗೈ ನಡುವೆ ಚಕ್ರ, ಅದರೊಳಗೆ ‘ಅಹಿಂಸಾ’ ಎಂಬ ಅಕ್ಷರ ಇರುತ್ತದೆ. ಮಹಾವೀರರ ನಿರ್ವಾಣದ 2500ನೇ ವರ್ಷದ ಹೊತ್ತಿಗೆ, 1974ರಲ್ಲಿ ಎಲ್ಲ ಪಂಥದವರೂ ಒಪ್ಪಿದ ರೂಪ ಅದು.

ಕಾಂಗ್ರೆಸ್ಸಿನ ಕೈ 1978ರದು. ಆ ವರ್ಷವೇ ಇಂದಿರಾ ಗಾಂಧಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಅದೇ ಗುರುತಿನ ಮೇಲೆ ಗೆದ್ದರು. ಕೊರಳಲ್ಲಿ ಹಮ್ಸಾ ಹಾಕಿಕೊಂಡು ಮತಗಟ್ಟೆಗೆ ಹೋದರೆ ಪ್ರಚಾರವಾಗುತ್ತದೆಯೇ ಎಂದು ಕೇಳುವವರೂ ಇದ್ದಾರೆ. ಶರಟಿನೊಳಗೆ ಹಾಕಿಕೊಳ್ಳಿ.

ಇಸ್ಲಾಂ ಇದನ್ನು ಒಪ್ಪುತ್ತದೆಯೇ?

ದೃಷ್ಟಿ ನಿಜ ಎಂದು ಹದೀಸ್, ಅಂದರೆ ಪ್ರವಾದಿಯ ನುಡಿ–ನಡೆಗಳ ದಾಖಲೆ, ಹೇಳುತ್ತದೆ. ತಾಯತ ಕಟ್ಟಿಕೊಂಡವನು ಶಿರ್ಕ್ ಮಾಡಿದಂತೆ, ಅಂದರೆ ದೇವರಿಗೆ ಸರಿಸಮ ಇನ್ನೊಂದನ್ನು ಇಟ್ಟಂತೆ, ಎಂದೂ ಹದೀಸ್ ಇದೆ. ಹಾಗಾಗಿ ಕಟ್ಟುನಿಟ್ಟಿನ ವಿದ್ವಾಂಸರು ಹಮ್ಸಾವನ್ನು ಸಾರಾಸಗಟಾಗಿ ತಳ್ಳಿಹಾಕುತ್ತಾರೆ. ಅವರ ಪ್ರಕಾರ ದೃಷ್ಟಿಗೆ ಪರಿಹಾರ ಕುರಾನಿನ ಕೊನೆಯ ಎರಡು ಸೂರಾಗಳನ್ನು ಓದುವುದು. ಯಹೂದಿಗಳಲ್ಲೂ ಇದೇ ಜಗಳ. 12ನೇ ಶತಮಾನದ ಮಹಾಪಂಡಿತ ಮೈಮೊನಿಡೀಸ್ ತಾಯತ ಬರೆಯುವವರನ್ನು ಕಟುವಾಗಿ ಟೀಕಿಸಿದವರು. ಎರಡೂ ಕಡೆ ಪಂಡಿತರು ಬೇಡ ಎನ್ನುತ್ತಲೇ ಬಂದರು, ಅಜ್ಜಿಯರು ತೊಟ್ಟಿಲಿಗೆ ಕಟ್ಟುತ್ತಲೇ ಬಂದರು.

ಹಿಂದೂಗಳು, ಕ್ರೈಸ್ತರು ಹಾಕಿಕೊಳ್ಳಬಹುದೇ?

ಧಾರಾಳವಾಗಿ. ಮೂರು ಧರ್ಮದವರು ಹಂಚಿಕೊಂಡ ವಸ್ತುವಿಗೆ ನಾಲ್ಕನೆಯವರು ಬಂದರೆ ಮೈಲಿಗೆಯೇನೂ ಆಗದು. ಅಲ್ಲಾಹನ ಹೆಸರೋ ಹೀಬ್ರೂ ಪ್ರಾರ್ಥನೆಯೋ ಕೆತ್ತಿದ್ದರೆ ಮಾತ್ರ ಕಾಲಿನ ಗೆಜ್ಜೆಗೆ, ಚಪ್ಪಲಿಗೆ ಹಾಕಬೇಡಿ.

ನಿಜಕ್ಕೂ ದೃಷ್ಟಿ ತಡೆಯುತ್ತದೆಯೇ?

ಜ್ವರ ಬಂದ ಮಗುವಿಗೆ ಡಾಕ್ಟರನ್ನು ತೋರಿಸಿ. ತಾಯತ ಬೇಕಿದ್ದರೆ ಅದರ ಜೊತೆಗಿರಲಿ, ಅದರ ಬದಲಿಗಲ್ಲ.

ಕೊಳ್ಳುವಾಗ ಏನು ನೋಡಬೇಕು?

ಬೆಳ್ಳಿ ಎಂದರೆ 925 ಗುರುತು, ಹಾಲ್‌ಮಾರ್ಕ್ ಕೇಳಿ. ನೂರಕ್ಕೆ 92.5 ಭಾಗ ಬೆಳ್ಳಿ ಎಂದು ಅದರ ಅರ್ಥ. ‘ಜರ್ಮನ್ ಸಿಲ್ವರ್’ನಲ್ಲಿ ಹೆಸರಿಗೆ ಬಿಟ್ಟರೆ ಬೆಳ್ಳಿ ಇಲ್ಲವೇ ಇಲ್ಲ, ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ. ನಿಕಲ್ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಕೂಸುಗಳಿಗಂತೂ ಬೇಡ. ಕೂಸಿನ ಕೊರಳಿಗೆ ದಾರ ಕಟ್ಟಿ ಮಲಗಿಸುವುದು ಯಾವ ತಾಯತವಾದರೂ ಅಪಾಯ. ತೊಟ್ಟಿಲಿನ ಹೊರಬದಿಗೆ, ಕೈಗೆಟುಕದ ಕಡೆ ಕಟ್ಟಿ.

‘ಪುರಾತನ ಮೊರಾಕನ್’ ಎಂದು ದುಬಾರಿ ಬೆಲೆ ಹೇಳಿದರೆ ತಿರುಗಿಸಿ ಹಿಂಬದಿ ನೋಡಿ. ಕಪ್ಪು ಬಣ್ಣ ಕೆತ್ತನೆಯ ತಗ್ಗಿನಲ್ಲೂ ಉಬ್ಬಿನಲ್ಲೂ ಒಂದೇ ಸಮ ಇದ್ದರೆ ಅದು ಹಚ್ಚಿದ ಬಣ್ಣ. ಬಳಸಿ ಹಳತಾದದ್ದರಲ್ಲಿ ಉಬ್ಬು ಸವೆದು ಹೊಳೆಯುತ್ತದೆ, ಕೊಂಡಿಯ ತೂತು ಒಂದೇ ಬದಿಗೆ ಎಳೆದು ಉದ್ದವಾಗಿರುತ್ತದೆ.

ಫೋನಿನಲ್ಲಿ ಇದರ ಎಮೋಜಿ ಇದೆಯೇ?

ಇದೆ. 2021ರಲ್ಲಿ ಯೂನಿಕೋಡ್‌ಗೆ ಸೇರಿತು. ನೀಲಿ ಕಣ್ಣಿನ ಎಮೋಜಿ 2018ರಲ್ಲೇ ಬಂದಿತ್ತು. ಹಳೆಯ ಫೋನುಗಳಲ್ಲಿ ಖಾಲಿ ಚೌಕ ಕಾಣಿಸಿದರೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ.